ಪಿ.ಕೆ. ಮೊದಲು, ಛೇತ್ರಿ ಎರಡನೆಯವರು: ಭಾರತ ಫುಟ್‌ಬಾಲ್ ತಂಡದ ಶ್ರೇಷ್ಠರನ್ನು ಅಳೆಯುವುದು ಹೇಗೆ?

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಆಡಿ ಸುನಿಲ್ ಛೇತ್ರಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ಆಗ ಅವರ ಲೆಕ್ಕ 151 ಪಂದ್ಯ, 94 ಗೋಲು. ಒಂಬತ್ತು ತಿಂಗಳು ಕಳೆಯುವುದರೊಳಗೆ ತಂಡ ಅವರನ್ನು ಮತ್ತೆ ಕರೆಯಿತು. ವಯಸ್ಸು ನಲವತ್ತು ದಾಟಿತ್ತು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಬಂತು. ಆದರೆ ಯಾವ ಉದ್ದೇಶಕ್ಕೆ ಅವರನ್ನು ಕರೆತಂದಿದ್ದರೋ ಅದು ಈಡೇರಲಿಲ್ಲ. ಬಾಂಗ್ಲಾದೇಶದೊಂದಿಗೆ ಗೋಲಿಲ್ಲದ ಡ್ರಾ, ಹಾಂಗ್‌ಕಾಂಗ್‌ನಲ್ಲಿ ಸೋಲು, ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1–2 ಸೋಲು. 2027ರ ಏಷ್ಯನ್ ಕಪ್ ಕೈತಪ್ಪಿತು. ಆ ವರ್ಷ ಮುಗಿಯುವ ಹೊತ್ತಿಗೆ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 142ನೇ ಸ್ಥಾನಕ್ಕೆ ಇಳಿದಿತ್ತು.

ತಂಡ ಕುಸಿದಾಗಲೆಲ್ಲ ಹಳೆಯ ಹೆಸರುಗಳು ಮೇಲೆ ಬರುತ್ತವೆ. ಭಾರತ ಕಂಡ ಅತ್ಯುತ್ತಮ ಫುಟ್‌ಬಾಲ್ ಆಟಗಾರ ಯಾರು ಎಂಬ ವಾದ ಈಗ ಮೊದಲಿಗಿಂತ ಬಿಸಿಯಾಗಿದೆ. ಸಾಮಾನ್ಯವಾಗಿ ಪಟ್ಟಿಗಳು ಒಂದೇ ರೀತಿ ಸಾಗುತ್ತವೆ. ಛೇತ್ರಿ ಮೊದಲು, ಬೈಚುಂಗ್ ಭೂಟಿಯಾ ಎರಡನೆಯವರು, ಐ.ಎಂ. ವಿಜಯನ್ ಮೂರನೆಯವರು, ಆಮೇಲೆ ಕಪ್ಪು ಬಿಳುಪು ಫೋಟೊಗಳ ಕಾಲದ ಮೂರು ನಾಲ್ಕು ಹೆಸರುಗಳಿಗೆ ಗೌರವ ಸಲ್ಲಿಸಿ ಮುಗಿಸುತ್ತಾರೆ. ಈ ಕ್ರಮವನ್ನು ನಾನು ಒಪ್ಪುವುದಿಲ್ಲ. ನಾವು ಕಣ್ಣಾರೆ ಕಂಡದ್ದು ಮತ್ತು ಸುಲಭವಾಗಿ ಎಣಿಸಬಹುದಾದದ್ದು, ಈ ಎರಡರ ಮೇಲೆ ಮಾತ್ರ ಅದು ನಿಂತಿದೆ. ಒಂದು ತಂಡದ ಚರಿತ್ರೆಯಲ್ಲಿ ಆಟಗಾರನ ಸ್ಥಾನವನ್ನು ನಿರ್ಧರಿಸಬೇಕಾದದ್ದು ಅವನು ಆಡಿದ ಪಂದ್ಯಗಳ ಭಾರ. ಆ ತಕ್ಕಡಿಯಲ್ಲಿಟ್ಟರೆ ಪಿ.ಕೆ. ಬ್ಯಾನರ್ಜಿ ಛೇತ್ರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾರೆ. ಜರ್ನೈಲ್ ಸಿಂಗ್ ಎಂಬ ಡಿಫೆಂಡರ್ ಹೆಚ್ಚಿನ ಪಟ್ಟಿಗಳು ಕೊಡುವುದಕ್ಕಿಂತ ಬಹಳ ಎತ್ತರದಲ್ಲಿರುತ್ತಾರೆ. ಬೆಂಗಳೂರಿನ ಅಹ್ಮದ್ ಖಾನ್ ಮೊದಲ ಹತ್ತರೊಳಗೆ ಬರುತ್ತಾರೆ.

ಗೋಲಿನ ಲೆಕ್ಕ ಎಷ್ಟು ದೂರ ಬರುತ್ತದೆ?

ಛೇತ್ರಿಯ ಸಂಖ್ಯೆ ಚಿಕ್ಕದಲ್ಲ. ಅವರು 95ನೆಯದನ್ನು ಹೊಡೆದಾಗ ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅವರಿಗಿಂತ ಮುಂದಿದ್ದವರು ಮೂವರೇ: ಕ್ರಿಸ್ಟಿಯಾನೊ ರೊನಾಲ್ಡೊ, ಲಯೊನೆಲ್ ಮೆಸ್ಸಿ, ಇರಾನಿನ ಅಲಿ ದಾಯಿ. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು. ಅಲ್ಲಿಂದ ಇಪ್ಪತ್ತು ವರ್ಷ ಒಂದೇ ಜೆರ್ಸಿಯಲ್ಲಿ ಗೋಲು ಹೊಡೆಯುತ್ತಲೇ ಹೋಗುವುದಕ್ಕೆ ಬೇಕಾದ ಶಿಸ್ತನ್ನು ಭಾರತದ ಇನ್ನೊಬ್ಬ ಫುಟ್‌ಬಾಲ್ ಆಟಗಾರ ತೋರಿಸಿಲ್ಲ.

ಆದರೆ ಈ 95ರ ಪಕ್ಕದಲ್ಲಿ ಇಡಲು 1950ರ ದಶಕದ ಸಂಖ್ಯೆ ನಮ್ಮ ಬಳಿ ಇಲ್ಲ. ಪಿ.ಕೆ. ಬ್ಯಾನರ್ಜಿ ದೇಶಕ್ಕಾಗಿ ಹೊಡೆದ ಗೋಲು ಎಷ್ಟು? ಬಹುಕಾಲ ಪತ್ರಿಕೆಗಳಲ್ಲಿ ಓಡಾಡಿದ ಸಂಖ್ಯೆ 65. ಪೂರ್ಣ ಅಂತರರಾಷ್ಟ್ರೀಯ ಪಂದ್ಯಗಳನ್ನಷ್ಟೇ ಎಣಿಸಿದವರ ಪಟ್ಟಿಯಲ್ಲಿ ಅದು ಇಪ್ಪತ್ತನ್ನೂ ಮುಟ್ಟುವುದಿಲ್ಲ. ಪ್ರವಾಸಿ ಕ್ಲಬ್‌ಗಳ ವಿರುದ್ಧದ ಪಂದ್ಯ, ಪ್ರದರ್ಶನ ಪಂದ್ಯ, ಒಲಿಂಪಿಕ್ಸ್ ತಯಾರಿಯ ಪಂದ್ಯ ಇವನ್ನೆಲ್ಲ ಸೇರಿಸುವುದೋ ಬಿಡುವುದೋ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಹಳೆಯ ಪಂದ್ಯಗಳ ವಿವರಗಳನ್ನು ಬಹುಪಾಲು ಒಟ್ಟುಗೂಡಿಸಿದವರು ಹಳೆಯ ಪತ್ರಿಕೆಗಳ ಕಡತ ಜಾಲಾಡಿದ ಹವ್ಯಾಸಿ ಸಂಗ್ರಾಹಕರು. ಅವರಿಗೆ ನಾವು ಋಣಿಗಳು, ಆದರೂ ಆ ಲೆಕ್ಕ ಪೂರ್ಣವಲ್ಲ.

ಎರಡನೆಯ ತೊಡಕು, ಆಡಿದ ಪಂದ್ಯಗಳೇ ಕಡಿಮೆ. ಆ ಕಾಲದಲ್ಲಿ ಭಾರತ ತಂಡ ಕೆಲವು ವರ್ಷ ಬೆರಳೆಣಿಕೆಯಷ್ಟು ಪಂದ್ಯ ಆಡುತ್ತಿತ್ತು, ಕೆಲವು ವರ್ಷ ಅದೂ ಇಲ್ಲ. ಹಡಗಿನಲ್ಲೋ ಹಲವು ನಿಲ್ದಾಣಗಳ ವಿಮಾನದಲ್ಲೋ ಹೋಗಿ ಒಲಿಂಪಿಕ್ಸ್ ಅಥವಾ ಏಷ್ಯನ್ ಗೇಮ್ಸ್ ಆಡಿ ಬಂದರೆ ಆ ವರ್ಷದ ಅಂತರರಾಷ್ಟ್ರೀಯ ಫುಟ್‌ಬಾಲ್ ಬಹುತೇಕ ಮುಗಿದಂತೆ. ಇನ್ನೊಂದು ಸಂಗತಿ ಇಂದಿನ ಓದುಗರಿಗೆ ಅಚ್ಚರಿ ಎನಿಸಬಹುದು. ಆಗ ದೇಶದೊಳಗಿನ ಪಂದ್ಯಗಳ ಅವಧಿ 70 ನಿಮಿಷ. ವರ್ಷವಿಡೀ 70 ನಿಮಿಷ ಆಡಿ ರೂಢಿಯಾದ ದೇಹಗಳು ಒಲಿಂಪಿಕ್ಸ್‌ಗೆ ಹೋದಾಗ ಯುರೋಪಿನವರೊಂದಿಗೆ 90 ನಿಮಿಷ ಓಡಬೇಕಿತ್ತು. 1948ರಲ್ಲಿ ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ 1–1ರಲ್ಲಿದ್ದ ಪಂದ್ಯ ಕೊನೆಯ ನಿಮಿಷಗಳಲ್ಲಿ ಕೈಬಿಟ್ಟುಹೋಯಿತು. 1960ರಲ್ಲಿ ರೋಮ್‌ನಲ್ಲೂ ಅದೇ ಫ್ರಾನ್ಸ್ ಕೊನೆಯ ಹತ್ತು ನಿಮಿಷಗಳೊಳಗೆ ಸಮ ಮಾಡಿಕೊಂಡಿತು. ಇವೆರಡಕ್ಕೂ 70 ನಿಮಿಷವೇ ಕಾರಣ ಎಂದು ಸಾಧಿಸಲಾಗದು, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವಂತಿಲ್ಲ.

ಹಾಗಾಗಿ ಗೋಲಿನ ಸಂಖ್ಯೆಯನ್ನು ಒಂದೇ ಕಾಲದ ಆಟಗಾರರ ನಡುವೆ ಹೋಲಿಸಬಹುದು. ಕಾಲ ದಾಟಿಸಿ ಹೋಲಿಸಲು ಹೊರಟರೆ ಅದು ಯಾರು ಹೆಚ್ಚು ಪಂದ್ಯಗಳ ಕಾಲದಲ್ಲಿ ಹುಟ್ಟಿದರು ಎಂಬುದನ್ನು ಅಳೆಯುತ್ತದೆ, ಅಷ್ಟೆ.

ಎದುರಿಗೆ ಯಾರಿದ್ದರು?

ಹಳೆಯ ಕಾಲವನ್ನು ಪ್ರೀತಿಸುವವರು ಇಲ್ಲಿ ಪ್ರಾಮಾಣಿಕರಾಗಿರಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು ಎಂದು ನಾವು ಎದೆಯುಬ್ಬಿಸಿ ಹೇಳುತ್ತೇವೆ. ಮೊದಲ ಸುತ್ತಿನಲ್ಲಿ ಆಡಬೇಕಿದ್ದ ಹಂಗೇರಿ ಬರಲೇ ಇಲ್ಲ. ಗೆದ್ದ ಪಂದ್ಯ ಒಂದೇ: ಆತಿಥೇಯ ಆಸ್ಟ್ರೇಲಿಯ ವಿರುದ್ಧ 4–2. ನೆವಿಲ್ ಡಿಸೋಜಾ ಅದರಲ್ಲಿ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಡಿಸೋಜಾ ಅವರೇ ಭಾರತಕ್ಕೆ ಮುನ್ನಡೆ ತಂದರು, ಪಂದ್ಯ 1–4ರಲ್ಲಿ ಕೈತಪ್ಪಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯ 3–0. 1964ರ ಏಷ್ಯನ್ ಕಪ್‌ನಲ್ಲಿ ಭಾರತ ರನ್ನರ್ ಅಪ್ ಆದದ್ದೂ ನಿಜ. ಆ ಟೂರ್ನಿಯಲ್ಲಿ ಆಡಿದ್ದು ನಾಲ್ಕೇ ತಂಡ ಎಂಬುದೂ, ಇಸ್ರೇಲಿನಲ್ಲಿ ನಡೆದ ಕಾರಣ ಹಲವು ದೇಶಗಳು ಹಿಂದೆ ಸರಿದಿದ್ದವು ಎಂಬುದೂ ಅಷ್ಟೇ ನಿಜ.

ಜಕಾರ್ತಾದ 1962ರ ಚಿನ್ನಕ್ಕೂ ಇಂಥದೊಂದು ಅಡಿಟಿಪ್ಪಣಿ ಇದೆ. 1954 ಮತ್ತು 1958ರ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದಿದ್ದ ತೈವಾನ್‌ಗೆ ಇಂಡೊನೇಷ್ಯಾ ಪ್ರವೇಶವನ್ನೇ ಕೊಡಲಿಲ್ಲ. ಇಸ್ರೇಲಿಗೂ ಇಲ್ಲ. ಇದನ್ನು ವಿರೋಧಿಸಿದ ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಅವರ ಮೇಲೆ ಇಂಡೊನೇಷ್ಯನ್ನರ ಸಿಟ್ಟು ತಿರುಗಿ, ಆ ಸಿಟ್ಟು ಭಾರತದ ಆಟಗಾರರ ಮೇಲೂ ಹರಿಯಿತು.

ಇಷ್ಟನ್ನೆಲ್ಲ ಕಳೆದ ಮೇಲೂ ಜಕಾರ್ತಾದಲ್ಲಿ ಉಳಿಯುವುದು ಬಹಳ. ಗುಂಪಿನ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಭಾರತವನ್ನು 2–0ರಿಂದ ಸೋಲಿಸಿತ್ತು. ಅದು ಸಾಮಾನ್ಯ ತಂಡವಲ್ಲ. 1956 ಮತ್ತು 1960ರ ಮೊದಲ ಎರಡು ಏಷ್ಯನ್ ಕಪ್ ಗೆದ್ದದ್ದು ಅದೇ. ಥಾಯ್ಲೆಂಡ್ ವಿರುದ್ಧ 4–1ರ ಗೆಲುವಿನಲ್ಲಿ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು. ಜಪಾನ್ ವಿರುದ್ಧ 2–0. ಸೆಮಿಫೈನಲ್‌ಗೆ ಬಂದಾಗ ತಲೆಗೆ ಪಟ್ಟಿ ಕಟ್ಟಿಕೊಂಡ ಡಿಫೆಂಡರ್‌ನನ್ನು ಹಿಂದೆ ನಿಲ್ಲಿಸಿ ಎದುರಾಳಿಯ ಪ್ರತಿ ಎತ್ತರದ ಚೆಂಡಿಗೂ ತಲೆ ಕೊಡಿಸುವುದು ಅಪಾಯ. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂದೆ ಆಡಿದ್ದವರು ಎಂಬುದು ರಹೀಮ್ ಸಾಹೇಬರಿಗೆ ಗೊತ್ತಿತ್ತು. ದಕ್ಷಿಣ ವಿಯೆಟ್ನಾಂ ವಿರುದ್ಧ 3–2. ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯ. ಸುಮಾರು ಒಂದು ಲಕ್ಷ ಜನ, ಬಹುತೇಕ ಎಲ್ಲರೂ ಭಾರತಕ್ಕೆ ಎದುರಾಗಿ ಕೂಗುವವರು. ಇಪ್ಪತ್ತು ನಿಮಿಷದೊಳಗೆ ಪಿ.ಕೆ. ಒಂದು, ಜರ್ನೈಲ್ ಒಂದು. ಜ್ವರದಿಂದ ಬಳಲಿದ್ದ ಪೀಟರ್ ತಂಗರಾಜ್ ಗೋಲಿನ ಮುಂದೆ ನಿಂತರು. ಕೊರಿಯ ಒಂದನ್ನು ಹಿಂತಿರುಗಿಸಿತು, ಇನ್ನೊಂದಕ್ಕೆ ದಾರಿ ಸಿಗಲಿಲ್ಲ. 2–1.

ಏಷ್ಯಾದ ಚಾಂಪಿಯನ್ ತಂಡವನ್ನು, ಅದೇ ಟೂರ್ನಿಯಲ್ಲಿ ತಮ್ಮನ್ನು ಸೋಲಿಸಿದ್ದವರನ್ನು, ಹಗೆಯ ಮೈದಾನದಲ್ಲಿ ಫೈನಲ್‌ನಲ್ಲಿ ಮಣಿಸಿದ ಇನ್ನೊಂದು ಪಂದ್ಯ ಭಾರತದ ಚರಿತ್ರೆಯಲ್ಲಿಲ್ಲ. ಆ ಪಂದ್ಯದ ಭಾರವನ್ನು ಹೊತ್ತವರಿಗೆ ಪಟ್ಟಿಯಲ್ಲಿ ಅದರ ಫಲ ಸಿಗಲೇಬೇಕು.

ಛೇತ್ರಿ ಆಡಿದ ಏಷ್ಯಾ ಬೇರೆಯೇ. ಜಪಾನ್, ಕೊರಿಯ, ಇರಾನ್, ಆಸ್ಟ್ರೇಲಿಯ ವಿಶ್ವಕಪ್‌ನ ಕಾಯಂ ತಂಡಗಳಾಗಿದ್ದವು. ಕೊಲ್ಲಿಯ ದೇಶಗಳು ಹಣ ಸುರಿದಿದ್ದವು. ಮಧ್ಯ ಏಷ್ಯಾದ ಹೊಸ ದೇಶಗಳು ಸೇರಿಕೊಂಡಿದ್ದವು. ಭಾರತ ಅವರಿಂದ ಬಹಳ ಹಿಂದೆ ಉಳಿದಿತ್ತು. ಹಾಗಾಗಿ ಛೇತ್ರಿಯ ಗೋಲುಗಳಲ್ಲಿ ದೊಡ್ಡ ಪಾಲು ನೇಪಾಳ, ಮಾಲ್ಡೀವ್ಸ್, ಬಾಂಗ್ಲಾದೇಶದಂಥ ನೆರೆಯ ತಂಡಗಳ ವಿರುದ್ಧ ಬಂದದ್ದು. ಇದನ್ನು ಅವರ ವಿರುದ್ಧದ ಆರೋಪದಂತೆ ಹೇಳುವವರಿದ್ದಾರೆ. ನನಗದು ಅನ್ಯಾಯ ಎನಿಸುತ್ತದೆ. ಎದುರಾಳಿಗಳನ್ನು ಆರಿಸಿದವರು ಅವರಲ್ಲ. ಅವರ ಹಿಂದೆ ಜಕಾರ್ತಾ ತಂಡದ ಚುನಿ ಇರಲಿಲ್ಲ, ಬಲರಾಮ್ ಇರಲಿಲ್ಲ. ಚೆಂಡು ತಲುಪಿಸುವ ಮಿಡ್‌ಫೀಲ್ಡ್ ಎಷ್ಟೋ ವರ್ಷ ಇರಲೇ ಇಲ್ಲ.

ಭಾರವಿದ್ದ ಪಂದ್ಯಗಳಲ್ಲಿ ಅವರು ಏನು ಮಾಡಿದರು ಎಂದು ನೋಡೋಣ. 2008ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್, 4–1 ಗೆಲುವು. ಆ ಗೆಲುವಿನಿಂದಲೇ 27 ವರ್ಷಗಳ ನಂತರ, 2011ರಲ್ಲಿ, ಭಾರತ ಏಷ್ಯನ್ ಕಪ್ ಆಡಿತು. ಅಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯ ವಿರುದ್ಧ ಒಂದೊಂದು ಗೋಲು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4–1ರ ಗೆಲುವಿನಲ್ಲಿ ಎರಡು. 2023ರ ಜೂನ್–ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ನಡೆದಾಗ ಪಾಕಿಸ್ತಾನದ ಎದುರು ಹ್ಯಾಟ್ರಿಕ್, ಒಟ್ಟು ಐದು ಗೋಲು. ಫೈನಲ್‌ನಲ್ಲಿ ಕುವೈತ್ ವಿರುದ್ಧ 1–1 ಆಗಿ ಪೆನಾಲ್ಟಿಯಲ್ಲಿ 5–4ರಿಂದ ಗೆದ್ದ ಆ ರಾತ್ರಿ ತುಂಬಿದ ಕ್ರೀಡಾಂಗಣದಲ್ಲಿ ಇದ್ದವರಿಗೆ, ಈ ಊರು ಕ್ರಿಕೆಟ್‌ಗೆ ಮಾತ್ರ ಸೇರುತ್ತದೆ ಎಂದು ಯಾರೂ ನಂಬಿಸಲಾರರು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿನಿಂದ ಛೇತ್ರಿ ಆ ಕ್ಲಬ್ಬಿನವರೇ. ಮೊದಲ ವರ್ಷವೇ ಐ ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2019ರಲ್ಲಿ ಐಎಸ್‌ಎಲ್. ಕನ್ನಡಿಗರಿಗೆ ಅವರ ಮೇಲಿರುವ ಮಮತೆಗೆ ಕಾರಣ ಬೇಕಿಲ್ಲ. ನನಗೂ ಇದೆ. ಆದರೆ ಇಲ್ಲಿನ ವಿಷಯ ದೇಶದ ತಂಡ. ಕ್ಲಬ್ಬಿನ ಟ್ರೋಫಿಗಳನ್ನು ಈ ಲೆಕ್ಕಕ್ಕೆ ಸೇರಿಸುತ್ತಿಲ್ಲ.

ಪಿ.ಕೆ. ಏಕೆ ಮೊದಲು

ಜಲ್ಪಾಯ್‌ಗುಡಿಯಲ್ಲಿ 1936ರಲ್ಲಿ ಹುಟ್ಟಿದ ಪ್ರದೀಪ್ ಕುಮಾರ್ ಬ್ಯಾನರ್ಜಿ ಬಲಬದಿಯ ವಿಂಗರ್. ಎರಡು ಒಲಿಂಪಿಕ್ಸ್, ಮೂರು ಏಷ್ಯನ್ ಗೇಮ್ಸ್. ಮೆಲ್ಬರ್ನ್‌ನಲ್ಲಿ ಇಪ್ಪತ್ತರ ಹುಡುಗ, ರೋಮ್‌ನಲ್ಲಿ ನಾಯಕ. ರೋಮ್‌ನ ಗುಂಪು ಕಠಿಣವಾದದ್ದು. ಫ್ಲೋರಿಯಾನ್ ಆಲ್ಬರ್ಟ್ ಆಡಿದ ಹಂಗೇರಿ ಆ ಒಲಿಂಪಿಕ್ಸ್‌ನ ಕಂಚು ಗೆದ್ದ ತಂಡ. ಅದರ ವಿರುದ್ಧ ಭಾರತ ಸೋತದ್ದು 1–2ರಿಂದ ಮಾತ್ರ. ಫ್ರಾನ್ಸ್ ವಿರುದ್ಧ 1–1ರ ಡ್ರಾದಲ್ಲಿ ಗೋಲು ಪಿ.ಕೆ. ಅವರದು. ಆಮೇಲೆ ಭಾರತದ ಪುರುಷರ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಮೆಟ್ಟಿಲೇ ಹತ್ತಿಲ್ಲ.

ಎರಡು ವರ್ಷದ ನಂತರ ಜಕಾರ್ತಾದಲ್ಲಿ ನಾಲ್ಕು ಗೋಲು: ಥಾಯ್ಲೆಂಡ್ ವಿರುದ್ಧ ಎರಡು, ಜಪಾನ್ ವಿರುದ್ಧ ಒಂದು, ಫೈನಲ್‌ನಲ್ಲಿ ಒಂದು. ಪಂದ್ಯದ ಗಾತ್ರ ಬೆಳೆದಷ್ಟೂ ಅವರ ಆಟ ಬೆಳೆಯಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದನ್ನೆಲ್ಲ ಅವರು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಈ ಮೂರು ದೊಡ್ಡ ಕ್ಲಬ್‌ಗಳಲ್ಲಿ ಒಂದಕ್ಕೂ ಆಡದೆ, ಈಸ್ಟರ್ನ್ ರೈಲ್ವೆಯ ಜೆರ್ಸಿಯಲ್ಲಿ ಆಡಿಕೊಂಡೇ ಮಾಡಿದರು. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದಾಗ ಅದನ್ನು ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರೇ. ಮುಂದೆ ಕೋಚ್ ಆಗಿ ಅವರು ಕಟ್ಟಿದ್ದು ಇನ್ನೊಂದು ಅಧ್ಯಾಯ. ಆಟಗಾರರ ಪಟ್ಟಿಯಾದ್ದರಿಂದ ಅದನ್ನು ಹೊರಗಿಟ್ಟಿದ್ದೇನೆ. ಹೊರಗಿಟ್ಟರೂ ಅವರು ಮೊದಲನೆಯವರು. ಛೇತ್ರಿಗೂ ಅವರಿಗೂ ನಡುವಿನ ಅಂತರ ಕೂದಲೆಳೆಯಷ್ಟು. ಇಪ್ಪತ್ತು ವರ್ಷದ ಬಾಳಿಕೆಗೆ ಹೆಚ್ಚು ತೂಕ ಕೊಡುವವರು ಇದನ್ನು ತಿರುಗಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಪಿ.ಕೆ.ಯವರನ್ನು ಐದನೆಯವರನ್ನಾಗಿಯೋ ಆರನೆಯವರನ್ನಾಗಿಯೋ ಇಟ್ಟರೆ ನಿಲ್ಲುತ್ತೇನೆ.

ಮೂರನೆಯವರು ಜರ್ನೈಲ್. ಇದು ಹಲವರಿಗೆ ಹೆಚ್ಚೆನಿಸಬಹುದು. ಫುಟ್‌ಬಾಲ್ ಪಟ್ಟಿಗಳೆಲ್ಲ ಮುಂದಿನ ಸಾಲಿನ ಆಟಗಾರರ ಕಡೆಗೇ ವಾಲುತ್ತವೆ. ಗೋಲು ನೆನಪಿರುತ್ತದೆ, ತಪ್ಪಿಸಿದ ಗೋಲು ಯಾರಿಗೂ ನೆನಪಿರುವುದಿಲ್ಲ. ದೇಶವಿಭಜನೆಯಲ್ಲಿ ಲಾಯಲ್‌ಪುರದ ಕಡೆಯಿಂದ ನಿರಾಶ್ರಿತನಾಗಿ ಬಂದ ಈ ಪಂಜಾಬಿ ಹುಡುಗ ಮೋಹನ್ ಬಾಗಾನ್ ರಕ್ಷಣೆಯ ಬೆನ್ನೆಲುಬಾಗಿ ದಶಕ ಆಡಿದರು, 1960ರ ದಶಕದ ನಡುವೆ ದೇಶದ ನಾಯಕರಾದರು. ತಮ್ಮ ಜಾಗದಲ್ಲಿ ದೇಶಕ್ಕೆ ಅತ್ಯುತ್ತಮರು; ಜಾಗ ಬದಲಿಸಿ ಮುಂದೆ ನಿಲ್ಲಿಸಿದಾಗ ಏಷ್ಯನ್ ಗೇಮ್ಸ್‌ನ ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಗೋಲು. ಬೇರೆ ಯಾರ ಬಗ್ಗೆಯೂ ಹೀಗೆ ಹೇಳಲು ಬರುವುದಿಲ್ಲ.

ನಾಲ್ಕನೆಯವರು ಚುನಿ ಗೋಸ್ವಾಮಿ. ಅವರ ಆಟ ಕಂಡವರ ಮಾತು ಕೇಳಿದರೆ ಚುನಿಯೇ ಮೊದಲು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಡ್ರಿಬಲ್ ಮಾಡುತ್ತಿದ್ದ ಇನ್‌ಸೈಡ್ ಲೆಫ್ಟ್, ಜಕಾರ್ತಾದ ನಾಯಕ, 1964ರ ಏಷ್ಯನ್ ಕಪ್ ನಾಯಕ, ಇಡೀ ಆಟದ ಬದುಕನ್ನು ಒಂದೇ ಕ್ಲಬ್ ಮೋಹನ್ ಬಾಗಾನ್‌ಗೆ ಕೊಟ್ಟವರು. ಆಮೇಲೆ ಬಂಗಾಳ ಕ್ರಿಕೆಟ್ ತಂಡದ ನಾಯಕರಾಗಿ ರಣಜಿ ಫೈನಲ್ ಆಡಿದಷ್ಟು ಪ್ರತಿಭೆ. ಆದರೆ 1964ರಲ್ಲಿ, ಮೂವತ್ತೂ ಆಗದ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಫುಟ್‌ಬಾಲ್ ಬಿಟ್ಟರು. ದೇಶದ ತಂಡಕ್ಕೆ ಅವರು ಕೊಟ್ಟ ವರ್ಷಗಳು ಕಡಿಮೆ. ಅದೊಂದೇ ಕಾರಣಕ್ಕೆ ಅವರನ್ನು ಮೂರು ಮೆಟ್ಟಿಲು ಕೆಳಗೆ ಇಟ್ಟೆ. 2020ರಲ್ಲಿ ಮಾರ್ಚ್‌ನಲ್ಲಿ ಪಿ.ಕೆ., ಏಪ್ರಿಲ್ ಕೊನೆಗೆ ಚುನಿ, ಆರು ವಾರಗಳ ಅಂತರದಲ್ಲಿ ತೀರಿಕೊಂಡರು. ಕೋವಿಡ್ ಆತಂಕದ ನಡುವೆ ಅವರಿಗೆ ಸಲ್ಲಬೇಕಿದ್ದ ದೊಡ್ಡ ಬೀಳ್ಕೊಡುಗೆಯೂ ಸಿಗಲಿಲ್ಲ.

ಜಕಾರ್ತಾದ ಮುಂದಿನ ಸಾಲಿನ ಮೂರನೆಯವರು ಸಿಕಂದರಾಬಾದಿನ ತುಳಸೀದಾಸ್ ಬಲರಾಮ್. ರೋಮ್‌ನಲ್ಲಿ ಹಂಗೇರಿ ವಿರುದ್ಧವೂ ಪೆರು ವಿರುದ್ಧವೂ ಭಾರತದ ಗೋಲು ಅವರದೇ. ಅನಾರೋಗ್ಯ ಅವರ ಆಟವನ್ನು 1963ರಲ್ಲೇ ನಿಲ್ಲಿಸಿತು. ಐದನೆಯ ಸ್ಥಾನ ಅವರಿಗೆ.

ಮೈದಾನ್‌ನ ನೆನಪು, ಬೆಂಗಳೂರಿನ ಮರೆವು

ಭಾರತದ ಫುಟ್‌ಬಾಲ್ ಚರಿತ್ರೆ ಬರೆದದ್ದು ಹೆಚ್ಚಾಗಿ ಕೋಲ್ಕತ್ತ. ಅಲ್ಲಿನ ಪತ್ರಿಕೆಗಳು, ಕ್ಲಬ್‌ಗಳು, ಮೈದಾನ್ ಎಂಬ ಆಟದ ಬಯಲಿನ ಅಭಿಮಾನಿಗಳು ಆಟಗಾರರನ್ನು ನೆನಪಿಟ್ಟುಕೊಂಡರು. ಇದಕ್ಕೆ ಅವರನ್ನು ದೂರುವಂತಿಲ್ಲ; ಬೇರೆ ಊರುಗಳು ಆ ಕೆಲಸ ಮಾಡಲಿಲ್ಲ. ಆದರೆ ಪಟ್ಟಿಯ ಮೇಲೆ ಪರಿಣಾಮ ಆಗಿದೆ. ಕೋಲ್ಕತ್ತಕ್ಕೆ ಹೋದವರು ಉಳಿದರು, ಹೋಗದವರು ಮಸುಕಾದರು. ಪಂಜಾಬಿನ ಇಂದರ್ ಸಿಂಗ್ 1964ರ ಏಷ್ಯನ್ ಕಪ್‌ನಲ್ಲಿ ಎರಡು ಗೋಲು ಹೊಡೆದವರು, ರಾಜ್ಯ ತಂಡಗಳ ನಡುವಿನ 1974–75ರ ಸಂತೋಷ್ ಟ್ರೋಫಿಯಲ್ಲಿ ಒಬ್ಬರೇ 23 ಗೋಲು ಹೊಡೆದವರು. ಆ ಪೀಳಿಗೆಯ ಅತ್ಯುತ್ತಮ ಸ್ಟ್ರೈಕರ್ ಅವರೇ ಇರಬಹುದು. ಇಂದಿನ ಎಷ್ಟು ಪಟ್ಟಿಗಳಲ್ಲಿ ಅವರ ಹೆಸರಿದೆ?

ನಮ್ಮ ಊರಿನದು ಇನ್ನೂ ಬೇಸರದ ಕಥೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. ಅದುವರೆಗೆ ಆ ಕಪ್ ಬ್ರಿಟಿಷ್ ಸೇನಾ ತಂಡಗಳದಾಗಿತ್ತು. ಮೈಸೂರು ರಾಜ್ಯ 1946–47ರಲ್ಲಿ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿ ಗೆದ್ದಿತು. 1969ರೊಳಗೆ ನಾಲ್ಕು ಸಲ ಆಯಿತು. ಐದನೆಯದಕ್ಕೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಅದು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರು. ಮೆಲ್ಬರ್ನ್ ಮತ್ತು ರೋಮ್ ಎರಡಕ್ಕೂ ಹೋದ ಹಾಫ್‌ಬ್ಯಾಕ್ ಕೆಂಪಯ್ಯ, ಮುಂದಿನ ಪೀಳಿಗೆಯ ಉಲಗನಾಥನ್ ಇಲ್ಲಿಯವರೇ. ದಂಡುಪ್ರದೇಶದ ಆಸ್ಟಿನ್ ಟೌನ್, ಗೌತಮಪುರ, ಹಲಸೂರಿನ ಬಡ ಮನೆಗಳಿಂದ ಬಂದ ಇಂಥವರ ಬಗ್ಗೆ ಕನ್ನಡದಲ್ಲಿ ಬರೆದದ್ದು ಎಷ್ಟು ಕಡಿಮೆ ಎಂದು ನೆನೆದರೆ ಸಂಕಟವಾಗುತ್ತದೆ.

ಇವರೆಲ್ಲರ ಶಿಖರ ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಆಟ ಕಲಿತು, ಈಸ್ಟ್ ಬೆಂಗಾಲ್‌ಗೆ ಹೋದರು. ಅಲ್ಲಿನ ಮುಂದಿನ ಸಾಲಿನ ಐವರನ್ನು ಜನ ‘ಪಂಚಪಾಂಡವರು’ ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳದ ಅತಿ ದೊಡ್ಡ ಕ್ಲಬ್‌ಗಳಲ್ಲೊಂದರ ಸುವರ್ಣಕಾಲವನ್ನು ಕಟ್ಟಿದ ಈ ಐವರಲ್ಲಿ ಒಬ್ಬರೂ ಬಂಗಾಳಿ ಅಲ್ಲ. ಅಹ್ಮದ್ ಖಾನ್ ಬರಿಗಾಲಲ್ಲೇ 1948 ಮತ್ತು 1952ರ ಒಲಿಂಪಿಕ್ಸ್ ಆಡಿದರು, 1951ರಲ್ಲಿ ದೆಹಲಿಯಲ್ಲಿ ಇರಾನನ್ನು 1–0ರಿಂದ ಸೋಲಿಸಿ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10 ಗೋಲು ಹೊಡೆದ ಪಂದ್ಯದಲ್ಲಿ ಭಾರತದ ಒಂದೇ ಗೋಲು ಅವರದು. ಆ ಸೋಲಿನ ನಂತರವೇ ಬೂಟು ಕಡ್ಡಾಯವಾಯಿತು. 2017ರಲ್ಲಿ ಅವರು ತೀರಿಕೊಂಡದ್ದೂ ಇದೇ ಬೆಂಗಳೂರಿನಲ್ಲಿ. ಊರಿನ ಅಭಿಮಾನದಿಂದ ಅವರನ್ನು ಪಟ್ಟಿಗೆ ಸೇರಿಸುತ್ತಿದ್ದೇನೆ ಎಂದು ಯಾರಿಗಾದರೂ ಅನಿಸಿದರೆ, 1948ರಿಂದ 1952ರವರೆಗಿನ ಎಲ್ಲ ದೊಡ್ಡ ಟೂರ್ನಿಗಳಲ್ಲಿ ಭಾರತದ ದಾಳಿಯ ಮೆದುಳು ಯಾರಾಗಿದ್ದರು ಎಂದು ಕೇಳಿಕೊಳ್ಳಲಿ.

ಗೆಲ್ಲದ ಕಾಲದ ಆಟಗಾರರು

ಪಂದ್ಯದ ಭಾರವನ್ನೇ ಅಳತೆಗೋಲು ಮಾಡಿದರೆ ಒಂದು ಪೀಳಿಗೆಗೆ ಪೆಟ್ಟು ಬೀಳುತ್ತದೆ. ಇದನ್ನು ನಾನು ಬಲ್ಲೆ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಕಂಚಿನ ನಂತರ ತಂಡ ಕುಸಿಯಿತು. ಮೊಹಮ್ಮದ್ ಹಬೀಬ್, ಸುಧೀರ್ ಕರ್ಮಾಕರ್, ಸುರಜಿತ್ ಸೇನ್‌ಗುಪ್ತಾ, ಕೃಶಾನು ಡೇ ಇವರ ಆಟಕ್ಕೆ ತಕ್ಕ ವೇದಿಕೆ ಸಿಗಲಿಲ್ಲ. ತ್ರಿಶ್ಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತ ಬೆಳೆದ ಐ.ಎಂ. ವಿಜಯನ್ ಚೆಂಡಿನ ಮೇಲಿನ ಹಿಡಿತದಲ್ಲಿ ಚುನಿಯ ಸಾಲಿಗೆ ನಿಲ್ಲಬಲ್ಲವರು. 1999ರ ಸ್ಯಾಫ್ ಗೇಮ್ಸ್‌ನಲ್ಲಿ ಭೂತಾನ್ ವಿರುದ್ಧ 12ನೇ ಸೆಕೆಂಡಿನಲ್ಲಿ ಹೊಡೆದ ಗೋಲನ್ನು ಎಲ್ಲರೂ ಹೇಳುತ್ತಾರೆ; ಆದರೆ ಅವರ ಎತ್ತರಕ್ಕೆ ಆ ಟೂರ್ನಿ ಸಣ್ಣದು. 1996ರ ಫೆಬ್ರುವರಿಯಲ್ಲಿ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 94ಕ್ಕೆ ಏರಿದ್ದು ವಿಜಯನ್ ಮತ್ತು ಯುವಕ ಭೂಟಿಯಾ ಕಾಲದಲ್ಲಿ. ಅದಕ್ಕಿಂತ ಮೇಲೆ ಇಂದಿಗೂ ಹೋಗಿಲ್ಲ.

ಭೂಟಿಯಾಗೆ ಆರನೆಯ ಸ್ಥಾನ. 1997ರಲ್ಲಿ ಸಾಲ್ಟ್ ಲೇಕ್‌ನಲ್ಲಿ 1,31,000 ಜನರ ಮುಂದೆ ಮೋಹನ್ ಬಾಗಾನ್ ವಿರುದ್ಧ ಹ್ಯಾಟ್ರಿಕ್ ಕ್ಲಬ್ಬಿನ ಲೆಕ್ಕ; ದೇಶದ ಲೆಕ್ಕದಲ್ಲಿ ಅವರದು ದಶಕಕ್ಕೂ ಹೆಚ್ಚಿನ ನಾಯಕತ್ವ, 2008ರ ಚಾಲೆಂಜ್ ಕಪ್‌ನ ಶ್ರೇಷ್ಠ ಆಟಗಾರ ಗೌರವ, ಎರಡು ನೆಹರೂ ಕಪ್. ಸಿಕ್ಕಿಂನ ಹುಡುಗನೊಬ್ಬ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್‌ಗೆ ಸೇರಿದ ಮೇಲೆ ಈಶಾನ್ಯದ ಪ್ರತಿಯೊಬ್ಬ ಹುಡುಗನ ಕನಸಿನ ಗಡಿ ಬದಲಾಯಿತು. ಇಂದಿನ ತಂಡದಲ್ಲಿ ಮಿಜೋರಾಂ, ಮಣಿಪುರದ ಹೆಸರುಗಳು ಎಷ್ಟಿವೆ ನೋಡಿ.

ಏಳನೆಯದು ಗೋಲ್‌ಕೀಪರ್ ತಂಗರಾಜ್‌ಗೆ. ಸೆಂಟರ್ ಫಾರ್ವರ್ಡ್ ಆಗಿ ಆರಂಭಿಸಿ ಗೋಲ್‌ಕೀಪರ್ ಆದ ಸೈನಿಕ, ಎರಡು ಒಲಿಂಪಿಕ್ಸ್, ಮೂರು ಏಷ್ಯನ್ ಗೇಮ್ಸ್. ಗುರ್‌ಪ್ರೀತ್ ಸಿಂಗ್ ಸಂಧು ಮುಂದೊಮ್ಮೆ ಈ ಜಾಗಕ್ಕೆ ಸವಾಲು ಹಾಕಬಹುದು. ಕಂಠೀರವದಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ತಡೆದವರು ಅವರೇ.

ಒಂದು ಮಾತನ್ನು ಇಲ್ಲೇ ಹೇಳಬೇಕು. ‘ಭಾರತ ಫುಟ್‌ಬಾಲ್ ತಂಡ’ ಎಂದಾಗ ನಾವೆಲ್ಲ ಪುರುಷರ ತಂಡವನ್ನೇ ಎಣಿಸುತ್ತೇವೆ, ಈ ಲೇಖನವೂ ಹಾಗೆಯೇ ಮಾಡಿದೆ. ಆದರೆ 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದ್ದು ಮಹಿಳಾ ತಂಡ. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಪುರುಷರು ಸಿಂಗಪುರಕ್ಕೆ ಸೋತ ವರ್ಷವೇ ಅದು. ಶಾಂತಿ ಮಲ್ಲಿಕ್, ಬೆಂಬೆಂ ದೇವಿ, ಬಾಲಾ ದೇವಿ ಇವರ ಪಟ್ಟಿಯನ್ನು ಇದೇ ಗಂಭೀರತೆಯಿಂದ ಬೇರೆಯಾಗಿ ಬರೆಯಬೇಕು. ಅವರ ಪಂದ್ಯಗಳ ದಾಖಲೆ 1950ರ ಪುರುಷರ ದಾಖಲೆಗಿಂತಲೂ ಚದುರಿಹೋಗಿದೆ.

ಅಹ್ಮದ್ ಖಾನ್ ಎಂಟನೆಯವರು, ಇಂದರ್ ಸಿಂಗ್ ಒಂಬತ್ತನೆಯವರು. ಹತ್ತನೆಯ ಜಾಗಕ್ಕೆ ಮೂವರು: ಮೆಲ್ಬರ್ನ್‌ನ ನೆವಿಲ್ ಡಿಸೋಜಾ, 1951ರ ಚಿನ್ನದ ನಾಯಕ ಸೈಲೇನ್ ಮನ್ನಾ, ಮತ್ತು ವಿಜಯನ್. ಡಿಸೋಜಾ ಒಂದೇ ಟೂರ್ನಿಯ ಮಿಂಚು; ಆ ನಾಲ್ಕು ಗೋಲು ಅಮರ, ಆದರೆ ಅದರ ಹಿಂದೆ ಮುಂದೆ ಹೆಚ್ಚಿಲ್ಲ. ವಿಜಯನ್ ಪರ ನನ್ನ ಮನಸ್ಸಿದೆ, ಅಳತೆಗೋಲು ಇಲ್ಲ. ಮನ್ನಾ ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ಪೆನಾಲ್ಟಿಯನ್ನು ಗೋಲಾಗಿಸಲಾಗದವರು, ಮೂರು ವರ್ಷದ ನಂತರ ದೆಹಲಿಯಲ್ಲಿ ಚಿನ್ನ ಎತ್ತಿದವರು, 1950ರ ವಿಶ್ವಕಪ್‌ಗೆ ಅವಕಾಶ ಬಂದೂ ಭಾರತ ಬ್ರೆಜಿಲ್‌ಗೆ ಹೋಗದಿದ್ದಾಗ ಬಾಳಿನ ಅತಿ ದೊಡ್ಡ ವೇದಿಕೆ ಕಳೆದುಕೊಂಡವರು. ಆ ಕಳೆದುಹೋದ ಪಂದ್ಯಗಳಿಗೆ ಅಂಕ ಕೊಡಲು ಬರುವುದಿಲ್ಲ. ಆಡಿದ ಪಂದ್ಯಗಳಿಗಾಗಿಯೇ ಹತ್ತನೆಯ ಸ್ಥಾನ ಮನ್ನಾ ಅವರಿಗೆ ಕೊಡುತ್ತೇನೆ.